ಮಣ್ಣಿಗೆ ಅವಸರ ಕಲಿಸಲು ಹೊರಟ ಸಾಹೇಬರು

ನಮ್ಮ ಸಾಹೇಬರು ತೀರಿಕೊಂಡ ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ಅವರ ವರ್ಷದ ತಿಥಿಯೂ ಮುಗಿದಿತ್ತು. ಕೊಪ್ಪಳದ ಬಸ್ ನಿಲ್ದಾಣದಲ್ಲಿ ನಮ್ಮ ಕಚೇರಿಯ ಹಳೆಯ ಜವಾನ ಸಿಕ್ಕಿದ್ದ. ಮಳೆ ಬೆಳೆ, ಮೊಣಕಾಲು ನೋವು, ಸೊಸೆಯ ಗುಣಾವಗುಣ ಎಲ್ಲವನ್ನೂ ಸಾವಕಾಶವಾಗಿ ಹೇಳಿ ಮುಗಿಸಿ, ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟ ಮೇಲೆ, "ಅಂದಂಗ ಬಾಯಾರ, ನಮ್ಮ ಸಾಹೇಬ್ರು ಹೋಗಿ ವರ್ಷದ ಮ್ಯಾಲಾತ್ರಿ," ಎಂದ. ಬಸ್ಸು ಹೊರಟುಹೋಯಿತು. ಯಾವ ಕೆಲಸವೂ ಒಂದು ಗಳಿಗೆ ತಡವಾಗುವುದನ್ನು ಸಹಿಸದಿದ್ದ ಮನುಷ್ಯನ ಸಾವಿನ ಸುದ್ದಿ ಇಷ್ಟು ತಡವಾಗಿ ಬಂದದ್ದಕ್ಕೆ ನನಗೆ ಮೊದಲು ನಗು ಬಂತು, ಆಮೇಲೆ ಅಳು ಬಂತು. ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು ಪಾಕೀಟು ಹೋಯಿತೇನೆಂದು ಕೇಳಿದಳು. ಹೌದೆಂದೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಯಲಬುರ್ಗಾದವಳಾದ ನನಗೆ ಬಿಎಸ್ಸಿ ಮುಗಿದ ಮೇಲೆ ಗಂಗಾವತಿಯ ಮಣ್ಣು ಪರೀಕ್ಷೆಯ ಕಚೇರಿಯಲ್ಲಿ ಸಹಾಯಕಿಯ ಕೆಲಸ ಸಿಕ್ಕಿ, ಬಂದವರೆಲ್ಲರ ಬಾಯಲ್ಲೂ ನಾನು 'ಬಾಯಾರು' ಆಗಿದ್ದೆ. ಎರಡು ಕೋಣೆ, ಒಂದು ಪಡಸಾಲೆ, ಹಿಂದುಗಡೆ ಅಕ್ಕಿ ಗಿರಣಿ. ಗಿರಣಿಯ ಹೊಟ್ಟಿನ ಬೂದಿ ಹಾರಿ ಬಂದು ನಮ್ಮ ತಕ್ಕಡಿ, ಕಾಗದ, ತಲೆಗೂದಲು ಎಲ್ಲದರ ಮೇಲೂ ಕೂರುತ್ತಿತ್ತು. ನನ್ನ ತಲೆ ಬೇಗ ನರೆತದ್ದು ಅಲ್ಲಿಯೇ ಎಂದು ಈಗಲೂ ನಂಬಿದ್ದೇನೆ. ಕಾಲುವೆ ನೀರು ಉಂಡ ಗದ್ದೆಗಳಲ್ಲಿ ಸವಳು ಏಳುತ್ತಿತ್ತು. ರೈತರು ಚೀಲದಲ್ಲಿ ಮಣ್ಣು ತರುವುದು, ನಾವು ಉಪ್ಪಿನಂಶ ನೋಡಿ ಹೇಳುವುದು, ಇಷ್ಟೇ ನಮ್ಮ ಕೆಲಸ. ಮಧ್ಯಾಹ್ನ ಒಂದು ನಿದ್ದೆಗೂ ಜಾಗವಿತ್ತು. ಇಂಥ ನೆಮ್ಮದಿಯ ಕಚೇರಿಗೆ ಅವರು ಅಧಿಕಾರಿಯಾಗಿ ವರ್ಗವಾಗಿ ಬಂದರು.

ಎತ್ತರದ ಆಳು, ಒಣಕಲು ಮೈ. ಅಂಗಿಯ ಗುಂಡಿಗಳು ಯಾವಾಗಲೂ ಒಂದೊಂದು ಕಾಜ ತಪ್ಪಿ ಕೂತಿರುತ್ತಿದ್ದವು. ನೋಡಿ ಹಾಕಿಕೊಳ್ಳುವಷ್ಟು ಪುರುಸೊತ್ತು ಅವರಿಗಿರಲಿಲ್ಲ. ಚಹಾ ಬಂದರೆ ಕಪ್ಪಿನಿಂದ ಬಸಿಗೆ ಸುರಿದು, ಫೈಲಿನಿಂದ ಗಾಳಿ ಹಾಕಿ, ಒಂದೇ ಗುಟುಕಿಗೆ ಮುಗಿಸುತ್ತಿದ್ದರು. ಮನೆಯಲ್ಲಿ ಸತ್ಯನಾರಾಯಣ ಪೂಜೆಗೆ ಕೂತಾಗ, ಮಂಗಳಾರತಿ ಮೊದಲು ಮಾಡಿಬಿಡ್ರಿ, ಕಥೆ ಆಮೇಲೆ ನಿಮ್ಮ ಪುರುಸೊತ್ತಿನಂತೆ ಹೇಳಿಕೊಳ್ಳುತ್ತ ಕೂಡ್ರಿ ಎಂದು ಭಟ್ಟರಿಗೆ ಸೂಚಿಸಿದ್ದರಂತೆ. ರೈತರು ಬಾಯಿ ತೆರೆದರೆ ಮಾತನ್ನು ತಾವೇ ಮುಗಿಸುತ್ತಿದ್ದರು, ಬಹಳ ಸಲ ತಪ್ಪಾಗಿ. ವಿರೂಪಾಪುರಗಡ್ಡೆಯ ರೈತನೊಬ್ಬ ಬಂದು "ಸಾಹೇಬ್ರ, ನಮ್ಮ ಕಡೆ" ಎನ್ನುವಷ್ಟರಲ್ಲಿ, ಸವಳು ಎದ್ದಿದೆ, ಬಸಿಗಾಲುವೆ ತೆಗೆಸಬೇಕು, ಜಿಪ್ಸಂ ಹಾಕಬೇಕು, ಎಷ್ಟು ಹಾಕಬೇಕೆಂದು ಬಾಯಾರು ಹೇಳುತ್ತಾರೆ ಎಂದು ಎದ್ದೇಬಿಟ್ಟರು. ಆ ಬಡಪಾಯಿ ಎಲ್ಲವನ್ನೂ ಕೇಳಿಸಿಕೊಂಡು, ಸೊಂಟದಿಂದ ಅಕ್ಷತೆಯ ಪೊಟ್ಟಣ ತೆಗೆದು, ಮಗಳ ಮದುವೆಗೆ ಕರೆಯಲು ಬಂದಿರುವುದಾಗಿ ಹೇಳಿದ.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆದರೆ ಅವರ ಅವಸರಕ್ಕೆ ಒಂದು ಗುರಿಯಿತ್ತು. ಉಪ್ಪನ್ನು ಎಲ್ಲರೂ ನೋಡುತ್ತಾರೆ, ಮಣ್ಣಿನೊಳಗಿನ ವಿಷವನ್ನು ಯಾರು ನೋಡುತ್ತಾರೆ ಎಂಬುದು ಅವರ ಪ್ರಶ್ನೆ. ಸೀಸ, ಪಾಷಾಣ, ಇಂಥವು ಮಣ್ಣಿನಲ್ಲಿ, ಕೆರೆಯ ಹೂಳಿನಲ್ಲಿ ಕಚ್ಚಿಕೊಂಡು ಕೂತಿರುತ್ತವೆ. ಅವನ್ನು ಬಿಡಿಸಬೇಕಾದರೆ ಮಣ್ಣನ್ನು ಶೀಸೆಗೆ ಹಾಕಿ, ಮೇಲೆ ನೀರು ಬೆರೆಸಿದ ಆಮ್ಲ ಸುರಿದು, ಒಂದು ಹಗಲು, ಮುಕ್ಕಾಲು ರಾತ್ರಿ ಬಿಡದೆ ಕುಲುಕಬೇಕು. ಆಮೇಲೆ ಸೋಸಿದ ನೀರಿಗೆ ಒಂದು ಹಸಿರು ದ್ರಾವಣ ಬೆರೆಸಿದರೆ, ಸೀಸವಿದ್ದಲ್ಲಿ ಅದು ಗುಲಾಬಿಗೆ ತಿರುಗುತ್ತದೆ, ಹೆಚ್ಚಿದ್ದರೆ ಕೆಂಪಾಗುತ್ತದೆ. ಬಣ್ಣ ಬರುವುದು ಚಣದಲ್ಲಿ. ಕುಲುಕುವುದೇ ಗೋಳು. ನಮ್ಮಲ್ಲಿ ಕುಲುಕುವ ಯಂತ್ರವೊಂದಿತ್ತು, ಕರೆಂಟು ಇದ್ದರೆ ತಿರುಗುತ್ತಿತ್ತು, ಕರೆಂಟು ಇರುತ್ತಿರಲಿಲ್ಲ.

"ವಿಷಾ ತಿಂದ ದನಾ ಹೊತ್ತು ಮುಣಗೂದ್ರಾಗ ಸಾಯ್ತೈತಿ. ವಿಷಾ ಐತೋ ಇಲ್ಲೋ ಅಂತ ಹೇಳಾಕ ನಮಗ ಎರಡು ದಿನಾ ಬೇಕು. ಇದ್ಯಾವ ನ್ಯಾಯಾರಿ, ಬಾಯಾರ?" ಎಂದು ನನ್ನನ್ನು ಕೇಳುತ್ತಿದ್ದರು, ನಾನೇ ಆ ನಿಯಮ ಮಾಡಿದವಳೋ ಎಂಬಂತೆ.

ಒಂದು ತಾಸಿನಲ್ಲಿ ಮಣ್ಣಿನ ಬಾಯಿ ಬಿಡಿಸಬೇಕೆಂಬುದೇ ಅವರ ಹಟ. ಆದರೆ ಈ ಅವಸರದ ಮನುಷ್ಯನಲ್ಲಿ ಒಂದು ವಿಚಿತ್ರ ಗುಣವಿತ್ತು. ಪ್ರತಿ ಸಲವೂ ಅದೇ ಮಣ್ಣಿನ ಎರಡು ಪಾಲು ಮಾಡಿ, ಒಂದನ್ನು ತಮ್ಮ ಲಗೂ ಪದ್ಧತಿಗೆ, ಇನ್ನೊಂದನ್ನು ಹಳೆಯ ನಿಧಾನದ ಪದ್ಧತಿಗೆ ಹಾಕುತ್ತಿದ್ದರು. ಎರಡರ ಬಣ್ಣವೂ ಒಂದೇ ಆದರೆ ಮಾತ್ರ ಫಲಿತಾಂಶ ಒಪ್ಪುತ್ತಿದ್ದರು. ಜವಾನ ಲಗೂ ಶೀಸೆಗೆ ಸೊಸೆಯೆಂದೂ ನಿಧಾನದ ಶೀಸೆಗೆ ಅತ್ತೆಯೆಂದೂ ಹೆಸರಿಟ್ಟಿದ್ದ. ಅತ್ತೆ ಹೂಂ ಎನ್ನುವ ತನಕ ಸೊಸೆಯ ಮಾತು ನಡೆಯುವುದಿಲ್ಲ ಎಂದು ಬಂದ ರೈತರಿಗೆಲ್ಲ ವಿವರಿಸುತ್ತಿದ್ದ, ಅವರಿಗೂ ಅದು ನಮ್ಮ ವಿವರಣೆಗಿಂತ ಚೆನ್ನಾಗಿ ತಿಳಿಯುತ್ತಿತ್ತು.

ಮೊದಲು ಕುಕ್ಕರು ಬಂತು. ಬೇಳೆ ಲಗೂ ಬೇಯುವುದಾದರೆ ಮಣ್ಣು ಯಾಕೆ ಬೇಯಬಾರದು ಎಂದು ಮನೆಯಿಂದ ಹೆಂಡತಿಯ ಕುಕ್ಕರನ್ನು ಚೀಲದಲ್ಲಿ ಮುಚ್ಚಿಕೊಂಡು ತಂದರು. ಒಳಗೆ ನೀರು, ನೀರಿನಲ್ಲಿ ಆಮ್ಲದ ಶೀಸೆ. ಮೂರನೆಯ ಸೀಟಿಗೆ ಶೀಸೆ ಒಡೆಯಿತು, ಆಮ್ಲ ಅಲ್ಯುಮಿನಿಯಮ್ಮನ್ನು ತಿನ್ನತೊಡಗಿತು, ಮುಚ್ಚಳ ತೆಗೆಯುವಷ್ಟರಲ್ಲಿ ತಳ ಜರಡಿಯಾಗಿತ್ತು. ಅದೇ ಮಧ್ಯಾಹ್ನ ಅಳವಂಡಿಯಿಂದ ಅವರ ಹೆಂಡತಿಯ ಅಣ್ಣಂದಿರು ಊಟಕ್ಕೆ ಬಂದಿದ್ದರು. ಕುಕ್ಕರು ಹುಡುಕುತ್ತ ಕಚೇರಿಗೆ ಬಂದ ಆ ತಾಯಿ, ತಳದ ತೂತುಗಳಿಂದ ಕಿಟಕಿಯನ್ನು ನೋಡಿ, ಅದನ್ನು ಗಂಡನ ಮೇಜಿನ ಮೇಲಿಟ್ಟರು. ನನ್ನ ಕಡೆ ತಿರುಗಿ, "ತಂಗಿ, ಇವರನ್ನ ಕುದಿಸೂ ಕುಕ್ಕರ್ ಯಾರರ ಮಾಡ್ಯಾರೇನವಾ?" ಎಂದು ಕೇಳಿ ಹೋದರು. ಹೊಸ ಕುಕ್ಕರು ಬಂದ ಮೇಲೆ ಅದು ಕಪಾಟಿನಲ್ಲಿ ಬಂಗಾರದ ಜೊತೆ ಇರುತ್ತಿತ್ತೆಂದು ಕೇಳಿದ್ದೇನೆ.

ಆಮೇಲೆ ಬಸ್ಸು. ಕರೆಂಟಿಲ್ಲದ ಒಂದು ದಿನ ಕುಷ್ಟಗಿಯಿಂದ ಬಸ್ಸಿನಲ್ಲಿ ಬಂದಿಳಿದ ಸಾಹೇಬರು ಸೊಂಟ ಹಿಡಿದುಕೊಂಡೇ ನಗುತ್ತಿದ್ದರು. ಯಂತ್ರ ಇಡೀ ದಿನ ಮಾಡುವ ಕೆಲಸವನ್ನು ಈ ರಸ್ತೆ ಒಂದು ಸಲ ಹೋಗಿ ಬರುವುದರಲ್ಲಿ ಮಾಡುತ್ತದೆ ಎಂಬುದು ಅವರಿಗೆ ಹೊಳೆದಿತ್ತು. ಮರುದಿನದಿಂದ ಶೀಸೆಗಳನ್ನು ಗೋಣಿಯಲ್ಲಿ ಸುತ್ತಿ, ಮರದ ಪೆಟ್ಟಿಗೆಗೆ ಹಾಕಿ, ಹಿಂದಿನ ಸೀಟಿನ ಕೆಳಗಿಟ್ಟು ಕಳಿಸತೊಡಗಿದೆವು. ಕಂಡಕ್ಟರ್ ಮೊದಲು ಸಾರಾಯಿ ಎಂದು ಅನುಮಾನಿಸಿ ಒಂದನ್ನು ಮೂಸಿ ನೋಡಿದ, ಆಮೇಲೆ ಯಾವ ಅನುಮಾನವನ್ನೂ ಇಟ್ಟುಕೊಳ್ಳಲಿಲ್ಲ. ಮರಳುಮಣ್ಣಿನ ಮಟ್ಟಿಗೆ ಅತ್ತೆಗೂ ಸೊಸೆಗೂ ಹೊಂದಿಕೆಯಾಗಿತ್ತು. ಎರೆಮಣ್ಣಿನ ವಿಷಯದಲ್ಲಿ ಮಾತ್ರ ಸೊಸೆ ಒಮ್ಮೆ ಹೆಚ್ಚು ಹೇಳುತ್ತಿದ್ದಳು, ಒಮ್ಮೆ ಕಡಿಮೆ.

ಹೀಗೆ ನಡೆಯುತ್ತಿರುವಾಗ ಒಂದು ದಿನ ಮರಳುಮಣ್ಣೂ ಕೈಕೊಟ್ಟಿತು. ಬಣ್ಣವೇ ಸರಿಯಾಗಿ ಬರಲಿಲ್ಲ. ಆಮ್ಲ ಬದಲಿಸಿದರು, ತಕ್ಕಡಿ ಒರೆಸಿದರು, ಕೊನೆಗೆ ನಾನು ಅಳತೆ ತಪ್ಪಿದ್ದೇನೆಂದು ರೇಗಿದರು. ನಾನು ಮುಖ ಊದಿಸಿಕೊಂಡು ಕೂತೆ. ಸಂಜೆ ಪೆಟ್ಟಿಗೆ ಕೊಡಲು ಬಂದ ಕಂಡಕ್ಟರ್ ಸಂತೋಷದಿಂದ ಸುದ್ದಿ ಹೇಳಿದ. ಮಂತ್ರಿಗಳು ಬರುತ್ತಾರೆಂದು ರಸ್ತೆಗೆ ಡಾಂಬರು ಹಾಕಿದ್ದಾರೆ, ಬಸ್ಸು ನೀರಿನ ಮೇಲೆ ಹೋದಂತೆ ಹೋಗುತ್ತಿದೆ, ತನ್ನ ಬೆನ್ನು ನೋವೇ ಹೋಯಿತು ಎಂದ. ಇಡೀ ತಾಲ್ಲೂಕಿಗೆ ಹಬ್ಬ, ನಮ್ಮ ಸಾಹೇಬರಿಗೆ ಮಾತ್ರ ಸೂತಕ. ನನಗೆ ಮಿರ್ಚಿ ಭಜಿ ತರಿಸಿಕೊಟ್ಟು, ತಪ್ಪಾಯಿತೆಂದು ಬಾಯಿಬಿಟ್ಟೇ ಹೇಳಿದರು. ಮೊದಲ ಮಳೆಗೆ ಡಾಂಬರು ಎದ್ದು ಹೋಗಿ ಗುಂಡಿಗಳು ವಾಪಸು ಬಂದರೂ ಅವರ ನಂಬಿಕೆ ಮರಳಲಿಲ್ಲ. "ಸರಕಾರದ ರಸ್ತಾ ನಂಬಬಾರದ್ರೀ ಬಾಯಾರ, ಒಮ್ಮೊಮ್ಮೆ ಛಲೋ ಆಗಿಬಿಡ್ತಾವು," ಎಂದರು.

ಕೊನೆಗೆ ಅವರ ಕಣ್ಣು ಬಿದ್ದದ್ದು ಹಿತ್ತಲ ಗಿರಣಿಯ ಮೇಲೆ. ಭತ್ತ ಹಸನು ಮಾಡುವ ದೊಡ್ಡ ಜರಡಿ ಡೀಸೆಲ್ ಇಂಜಿನ್ನಿನಿಂದ ಗಡಗಡ ಅಲುಗುತ್ತಿತ್ತು. ಪಕ್ಕದಲ್ಲೇ ಕುಸುಬಲಕ್ಕಿಗೆ ಭತ್ತ ಬೇಯಿಸುವ ಹಬೆ. ಬಿಸಿಯೂ ಇದೆ, ಕುಲುಕಾಟವೂ ಇದೆ, ಕರೆಂಟಿನ ಹಂಗಿಲ್ಲ. ಗಿರಣಿಯ ಯಜಮಾನರು ಕಾಲುವೆ ಬಂದಾಗ ಆಂಧ್ರದಿಂದ ಬಂದು ನೆಲೆಸಿದ ರೆಡ್ಡಿಗಳು. ತಮ್ಮ ಅಕ್ಕಿಯ ಹತ್ತಿರ ವಿಷದ ಶೀಸೆ ತರುತ್ತಾರೆಂದು ಕೇಳಿದ ಕೂಡಲೇ ಕೈಮುಗಿದು ಹಿಂದೆ ಸರಿದರು. ಸಾಹೇಬರು ದಿನಾ ಹೋಗಿ ಕೂತರು. ಬೇಸತ್ತ ರೆಡ್ಡಿಗಳು, ಭತ್ತ ಇಲ್ಲದ ಹೊತ್ತಿನಲ್ಲಿ ಬರೀ ಜರಡಿ ಓಡಿಸಿ, ಹಬೆಯನ್ನೂ ಬಿಟ್ಟುಕೊಡುತ್ತೇನೆ, ಆದರೆ ಈ ಮಾತು ಸಂತೆಯಲ್ಲಿ ಯಾರಿಗೂ ತಿಳಿಯಕೂಡದು ಎಂದು ಒಪ್ಪಿದರು.

ಇದೆಲ್ಲ ನಮಗೆ ನಗೆಯ ಸಂಗತಿಯಾಗಿತ್ತು, ಆ ಸೋಮವಾರದ ತನಕ.

ಕುಷ್ಟಗಿ ದಾರಿಯಲ್ಲಿ, ಕಾಲುವೆ ನೀರು ಮುಟ್ಟದ ಒಂದು ಊರು. ಅಲ್ಲಿಯ ಗೌಡರು ಮೊದಲ ಬಸ್ಸಿಗೆ ಹೂಳಿನ ಚೀಲ ಹೊತ್ತು ಬಂದರು. ಜೊತೆಗೆ ಅವರ ತಾಯಿ, ಇನ್ನೂ ನಾಲ್ಕಾರು ಹೆಂಗಸರು. ಬೇಸಿಗೆಯಿಡೀ ಇಡೀ ಊರು ಸೇರಿ ಕೆರೆಯ ಹೂಳೆತ್ತಿ ದಂಡೆಗೆ ಗುಡ್ಡೆ ಹಾಕಿತ್ತು. ಗೊಬ್ಬರ ಕೊಳ್ಳುವ ಶಕ್ತಿಯಿಲ್ಲದ ಊರಿಗೆ ಆ ಹೂಳೇ ವರ್ಷದ ಗೊಬ್ಬರ. ಮಂಗಳವಾರ ಬೆಳಗಿಗೆ ಬಂಡಿ ಹೂಡಿ ಹೊಲಗಳಿಗೆ ಸಾಗಿಸುವುದೆಂದು ಊರೆಲ್ಲ ಗೊತ್ತುಮಾಡಿತ್ತು. ಇನ್ನು ತಡಮಾಡಿದರೆ ಮಳೆ ಬಿದ್ದು ಎರೆಹೊಲದಲ್ಲಿ ಬಂಡಿ ಇಳಿಯುವುದಿಲ್ಲ. ಅಷ್ಟರಲ್ಲಿ ಕೆರೆಯ ಗುಂಡಿಯಲ್ಲಿ ನೀರು ಕುಡಿದ ಎಮ್ಮೆಗಳು ಹಲ್ಲು ಕಡಿಯುತ್ತ, ಕಣ್ಣು ಕಾಣದೆ, ಗೋಡೆಗೆ ತಲೆ ಹಚ್ಚಿ ನಿಂತು ಸತ್ತಿದ್ದವು. ಕೆರೆಯ ಮೇಲ್ಬದಿಗೆ ಹಿಂದೆ ಯಾರೋ ಹೊರಗಿನವರು ಹಳೆ ಬ್ಯಾಟರಿ ಒಡೆದು ಸೀಸ ಕರಗಿಸುವ ಶೆಡ್ಡು ಹಾಕಿ, ಬೂದಿಯನ್ನು ಹಳ್ಳಕ್ಕೆ ಸುರಿದು, ಜಾಗ ಖಾಲಿ ಮಾಡಿ ಹೋಗಿದ್ದರು. ದನದ ಡಾಕ್ಟರು ಹೂಳಿನ ಮೇಲೆಯೇ ಸಂಶಯಪಟ್ಟು ನಮ್ಮಲ್ಲಿಗೆ ಕಳಿಸಿದ್ದರು.

ಸೋಮವಾರ ನಮ್ಮ ಸೀಮೆಯಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ದಿನ. ಇಲ್ಲದಿದ್ದರೆ ಅಂದೇ ಬಂಡಿಗಳು ಹೊರಟಿರುತ್ತಿದ್ದವು. ನಮಗೆ ಸಿಕ್ಕಿದ್ದು ಎತ್ತುಗಳ ಆ ಒಂದು ರಜೆ.

"ನಾಳಿ ಹೊತ್ತು ಹೊಂಡೂದ್ರಾಗ ಹೇಳ್ರಿ ಸಾಹೇಬ್ರ," ಎಂದರು ಗೌಡರು. "ಹಾಕು ಅಂದ್ರ ಹಾಕ್ತೇವಿ, ಬ್ಯಾಡ ಅಂದ್ರ ಬಿಡ್ತೇವಿ. ಸುಮ್ಮನಿದ್ರ ಮಾತ್ರ ಊರು ತಡಿಯೂದಿಲ್ರಿ."

ಸಾಹೇಬರು ಹೂಳನ್ನು ಬೆರಳಿನಲ್ಲಿ ತಿಕ್ಕಿ ನೋಡಿದರು. ಅಪ್ಪಟ ಎರೆಮಣ್ಣು. ಅವರ ಲಗೂ ಪದ್ಧತಿ ಒಮ್ಮೆಯೂ ಮಾತು ಉಳಿಸಿಕೊಂಡಿರದ ಮಣ್ಣು. ಎರಡು ಪಾಲು ಮಾಡಿದರು. ಒಂದು ಪಾಲು ಗಿರಣಿಗೆ ಹೋಯಿತು. ಇನ್ನೊಂದನ್ನು ಯಂತ್ರಕ್ಕೆ ಕಟ್ಟಲು ಹೋದರೆ ಕರೆಂಟಿಲ್ಲ. ಹಿಂದಿನ ದಿನದ ಗಾಳಿಗೆ ಕಂಬವೇ ಬಿದ್ದಿತ್ತು, ಎರಡು ದಿನ ಮರೆತುಬಿಡಿ ಎಂದು ಲೈನ್‌ಮನ್ ಹೇಳಿ ಹೋಗಿದ್ದ. ಬಸ್ಸನ್ನು ಅವರು ನಂಬುತ್ತಿರಲಿಲ್ಲ. ಕೋಣೆಯಲ್ಲಿ ಅತ್ತಿಂದಿತ್ತ ತಿರುಗಾಡತೊಡಗಿದರು. ನನಗೆ ರೇಗಿತ್ತು. ಇನ್ನು ತೊಟ್ಟಿಲಿಗೆ ಹಾಕಿ ತೂಗುವುದೊಂದು ಬಾಕಿ ಎಂದು ಗೊಣಗಿದೆ.

ಅವರು ನಿಂತರು. ನನ್ನನ್ನು ದೇವಿಯನ್ನು ನೋಡುವಂತೆ ನೋಡಿದರು. ಆ ನೋಟ ಅರ್ಥವಾಗುವಷ್ಟರಲ್ಲಿ ಜವಾನ ತನ್ನ ಮನೆಯ ತೊಟ್ಟಿಲು ತರಲು ಓಡಿದ್ದ.

ಪಡಸಾಲೆಯ ತೊಲೆಗೆ ತೊಟ್ಟಿಲು ಕಟ್ಟಿ, ಒಳಗೆ ಹಳೆ ಕೌದಿ ಹಾಸಿ, ಶೀಸೆಗಳನ್ನು ಅಡ್ಡ ಮಲಗಿಸಿದೆವು. ತೂಗಲು ಹೆಂಗಸರನ್ನು ಕರೆದರೆ ಗೌಡರ ತಾಯಿ ಅಡ್ಡ ಕೈಮಾಡಿದರು. ಕೂಸಿಲ್ಲದ ತೊಟ್ಟಿಲು ತೂಗಬಾರದು, ಮನೆತನಕ್ಕೆ ಒಳ್ಳೆಯದಲ್ಲ ಎಂದರು. ಉಳಿದವರೂ ಹಿಂದೆ ಸರಿದರು. ಈಗ ಇವರು ವಿಜ್ಞಾನದ ಭಾಷಣ ಸುರು ಮಾಡುತ್ತಾರೆ, ಮುದುಕಿ ಎದ್ದು ಹೋಗುತ್ತಾಳೆ ಎಂದು ನಾನು ಕಾದೆ. ಅವರು ಮುದುಕಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತರು.

"ಖಾಲಿ ಎಲ್ಲೈತಬೇ, ಯವ್ವಾ? ನಿಮ್ಮೂರ ಕೆರಿನ ಮಲಗೇತಿ ಅದರಾಗ. ಮೈಯಾಗ ಆರಾಮಿಲ್ಲದಕ್ಕ."

ಮುದುಕಿ ತೊಟ್ಟಿಲೊಳಗೆ ಇಣುಕಿ, ಶೀಸೆಯಲ್ಲಿ ಕರ್ರಗೆ ಹೊರಳುತ್ತಿದ್ದ ಹೂಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಸೆರಗು ಸಿಕ್ಕಿಸಿ ಹಗ್ಗ ಹಿಡಿದು ಜೋಗುಳಕ್ಕೆ ಸುರು ಹಚ್ಚಿದರು. ಅವರು ದಣಿದರೆ ಇನ್ನೊಬ್ಬರು, ಇನ್ನೊಬ್ಬರು ದಣಿದರೆ ಮತ್ತೊಬ್ಬರು. ಮಣ್ಣು ತಂದ ರೈತರು ಬಾಗಿಲಲ್ಲಿ ನಿಂತು, ಬಾಯಾರಿಗೆ ಯಾವಾಗ ಹೆರಿಗೆಯಾಯಿತು ಎಂದು ಜವಾನನನ್ನು ಕೇಳುತ್ತಿದ್ದರು. ನನಗಿನ್ನೂ ಮದುವೆಯೇ ಆಗಿರಲಿಲ್ಲ. ಸಾಹೇಬರು ಮಾತ್ರ ತೊಟ್ಟಿಲ ಸುತ್ತ ಸುಳಿಯುತ್ತ, ಇನ್ನೊಂಚೂರು ಜೋರಾಗಿ ತೂಗ್ರವ್ವಾ, ಹಾಡು ಸಾವಕಾಶ ಇರಲಿ ಎಂದು ಹೇಳುತ್ತಿದ್ದರು.

ಮಧ್ಯಾಹ್ನಕ್ಕೆ ಮುಂಚೆಯೇ ಗಿರಣಿಯ ಶೀಸೆ ಬಂತು. ಸೋಸಿ, ಹಸಿರು ದ್ರಾವಣ ಬೆರೆಸಿದೆ. ನನ್ನ ಕೈಯಲ್ಲೇ ಅದು ಕೆಂಪಾಯಿತು. ಗುಲಾಬಿಯಲ್ಲ, ಕೆಂಪು. ಗೌಡರು ಹೊರಗೆ ಕೂತಿದ್ದಾರೆ, ಕರೆದು ಹೇಳಿಬಿಡೋಣ ಎಂದೆ. ಅವರು ನಳಿಕೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಸ್ಟ್ಯಾಂಡಿಗೆ ಸಿಕ್ಕಿಸಿ, ಮೇಲೆ ಕರವಸ್ತ್ರ ಹೊದಿಸಿದರು.

"ಅತ್ತಿ ಮಾತಾಡ್ಲಿ ತಡೀರಿ," ಎಂದರಷ್ಟೇ.

ನಾನು ಜಗಳವಾಡಿದೆ. ಇಷ್ಟು ವರ್ಷ ಅವಸರ ಅವಸರ ಎಂದು ನಮ್ಮ ಪ್ರಾಣ ತಿಂದವರು, ಅವಸರ ನಿಜಕ್ಕೂ ಬೇಕಾದ ದಿನ ನಿಯಮ ಹಿಡಿದುಕೊಂಡು ಕೂತರಲ್ಲ ಎಂದು ಮುಖಕ್ಕೇ ಅಂದೆ. ಇದು ಹಮ್ಮು, ತಮ್ಮ ಪದ್ಧತಿ ಗೆದ್ದದ್ದನ್ನು ಕಣ್ಣಾರೆ ನೋಡುವ ಆಸೆ ಎಂದುಕೊಂಡೆ. ಅವರು ತೊಟ್ಟಿಲ ಕಡೆ ಹೋದರು. ಸಂಜೆ ಗೌಡರು ಊರಿನ ಕಡೆಯವರನ್ನು ಕರೆದುಕೊಂಡು ಬಸ್ಸು ಹತ್ತಿದರು. ಮುದುಕಿ ಹೋಗುವ ಮುನ್ನ ಶೀಸೆಗಳ ದೃಷ್ಟಿ ತೆಗೆದು ಹೋದರು. ಅಲ್ಲಿಂದ ಮುಂದಕ್ಕೆ ಜವಾನನೂ ಸಾಹೇಬರೂ ತೂಗಿದರು.

ಬೆಳಗಾಗುವ ಮೊದಲೇ ನನಗೆ ಕರೆ ಬಂತು. ಹೋದಾಗ ಮೇಜಿನ ಮೇಲೆ ಎರಡೂ ನಳಿಕೆಗಳಿದ್ದವು. ಎರಡೂ ಒಂದೇ ಕೆಂಪು. ಎರೆಮಣ್ಣಿನಲ್ಲಿ ಮೊದಲ ಸಲ ಅತ್ತೆ ಸೊಸೆ ಒಂದೇ ಮಾತಾಡಿದ್ದರು. ಗೆದ್ರಿ ಸಾಹೇಬ್ರ ಎಂದು ಜವಾನ ಚಪ್ಪಾಳೆ ತಟ್ಟಿದ. ಅವರು ಆಗಲೇ ಚಪ್ಪಲಿ ಮೆಟ್ಟಿ ಬಾಡಿಗೆ ಜೀಪಿನ ಕಡೆ ನಡೆದಿದ್ದರು. ನಾನೂ ಹತ್ತಿದೆ.

ಕೆರೆಯ ದಂಡೆಯಲ್ಲಿ ಬಂಡಿಗಳು ಸಾಲಾಗಿ ನಿಂತಿದ್ದವು. ಒಂದು ದಿನ ದಣಿವಾರಿಸಿಕೊಂಡ ಎತ್ತುಗಳು ನೊಗದಡಿ ನಿಲ್ಲಲಾರದೆ ಕಾಲು ಕೆದರುತ್ತಿದ್ದವು. ಗಂಡಸರ ಕೈಯಲ್ಲಿ ಸಲಿಕೆ, ಹೆಂಗಸರ ಕೈಯಲ್ಲಿ ಪುಟ್ಟಿ. ಸಾಹೇಬರು ಜೀಪಿನಿಂದಿಳಿದು ಗೌಡರ ಹತ್ತಿರ ಹೋಗಿ ಎರಡೂ ಕೈ ಹಿಡಿದುಕೊಂಡರು.

"ಹಾಕಬ್ಯಾಡ್ರಿ ಗೌಡ್ರ. ಸೀಸ ಐತಿ. ಭಾಳ ಐತಿ."

"ಖರೇ ಏನ್ರಿ?"

"ಎರಡೂ ನಮೂನಿ ನೋಡೀನ್ರಿ."

ಗೌಡರು ಹೂಳಿನ ಗುಡ್ಡೆಯನ್ನು ಒಂದು ಸಲ ನೋಡಿದರು. ಇಡೀ ಬೇಸಿಗೆ ಊರಿನ ಬೆನ್ನು ಮುರಿದು ಎದ್ದ ಗುಡ್ಡೆ ಅದು. ಆಮೇಲೆ ಮುಂದಿನ ಬಂಡಿಗೆ ಹೋಗಿ, ಎತ್ತಿನ ಕೊರಳ ಪಟ್ಟಿ ಬಿಚ್ಚಿದರು. ಅವರ ಹಿಂದಿನವನು ಬಿಚ್ಚಿದ, ಅವನ ಹಿಂದಿನವನೂ ಬಿಚ್ಚಿದ. ಯಾರೂ ಸಾಹೇಬರನ್ನು ಬೈಯಲಿಲ್ಲ. ಮುದುಕಿ ಪುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕೂತುಬಿಟ್ಟರು.

ಸಾಹೇಬರು ಕೊನೆಯ ಜೋಡಿ ಬಿಚ್ಚುವ ತನಕ ಅಲ್ಲಾಡದೆ ನಿಂತಿದ್ದರು. ನಾನು ಹತ್ತಿರ ಹೋದೆ. ಏನಾದರೂ ಸಮಾಧಾನ ಹೇಳಬೇಕೆನಿಸಿ, ಕಡೆಗೂ ನಿಮ್ಮ ಪದ್ಧತಿ ನಿಜವಾಯಿತಲ್ಲ ಸರ್ ಎಂದೆ. ಅವರ ಕಣ್ಣು ಎತ್ತುಗಳ ಮೇಲೆಯೇ ಇತ್ತು.

"ಇಷ್ಟು ವರ್ಷ ಅದು ಗೆಲ್ಲಲಿ ಅಂತ ಬಡಕೊಂಡ್ನಿ, ಬಾಯಾರ," ಎಂದರು. "ನಿನ್ನಿ ತೊಟ್ಟಿಲಾ ತೂಗಕೋತ, ಇದೊಂದ ಸಲಾ ಸೋಲಲಿ, ಸೋಲಲಿ ಅಂತ ಕುಂತಿದ್ನಿ."